ಹೊಂಗೆ ಮರದ ಪಕ್ಕದ ಸೈಟು

ರಾಜಾಜಿನಗರದಲ್ಲಿ ಹೊಸದಾಗಿ ಸೈಟು ಹಂಚುತ್ತಿದ್ದ ಕಾಲ. ಬಂದವರಿಗೆ ಸೈಟು ತೋರಿಸುವುದು ನನ್ನ ಕೆಲಸ. ಸುತ್ತ ಬರೀ ಬಯಲು. ಇದ್ದದ್ದು ಒಂದೇ ಹೊಂಗೆ ಮರ, ಅದೂ ಒಂದು ಸೈಟಿನ ಮೂಲೆಯಲ್ಲಿ.

ಒಂದು ಮಧ್ಯಾಹ್ನ ಮೇಷ್ಟ್ರೊಬ್ಬರು ಹೆಂಡತಿ ಜೊತೆ ಬಂದರು. ಬಿಸಿಲಿಗೆ ಬೆಂದು ನೇರವಾಗಿ ಆ ಮರದಡಿಗೇ ಹೋಗಿ ನಿಂತು, ಬೆವರು ಒರೆಸಿಕೊಳ್ಳುತ್ತಾ ಮೇಷ್ಟ್ರು ಅಂದರು, "ಈ ಸೈಟು ಬೇಡ ಸಾರ್. ದಿನಾ ಎಲೆ ಗುಡಿಸೋರು ಯಾರು? ಸಾಲದ್ದಕ್ಕೆ ಬೇರು ಮನೆ ಪಾಯಕ್ಕೇ ನುಗ್ಗುತ್ತೆ."

"ಮರ ಕಡಿಸಿಕೊಡ್ತೀವಿ ಬಿಡಿ," ಅಂದೆ.

ಅವರ ಹೆಂಡತಿ ಗಾಬರಿಯಾದರು. "ಅಯ್ಯೋ, ಕಡಿಸಬೇಡಿ! ಮಧ್ಯಾಹ್ನದ ಮೇಲೆ ಇದರ ನೆರಳು ಯಾವ ಕಡೆ ಬೀಳುತ್ತೆ?"

"ಪೂರ್ವಕ್ಕೆ. ಪಕ್ಕದ ಸೈಟಿಗೆ."

"ಹಾಗಾದ್ರೆ ಅದನ್ನೇ ನಮಗೆ ಕೊಡಿ."

ಆಮೇಲೆ ಬಂದವರದ್ದೂ ಅದೇ ರಾಗ. ಮರದ ಅಕ್ಕಪಕ್ಕದ ಸೈಟುಗಳೇ ಮೊದಲು ಹೋದವು. ಮರವಿದ್ದ ಸೈಟು ಮಾತ್ರ ಯಾರಿಗೂ ಬೇಡವಾಗಿ, ಕೊನೆಗೆ ನನ್ನ ಪಾಲಿಗೆ ಬಂತು.

ಈಗ ಭಾನುವಾರ ಮಧ್ಯಾಹ್ನ ನಾನು ಅಂಗಳದ ಎಲೆ ಗುಡಿಸುತ್ತಿದ್ದರೆ, ಮೇಷ್ಟ್ರು ತಮ್ಮ ಜಗಲಿಯ ತಂಪಿನಲ್ಲಿ ಆರಾಮಕುರ್ಚಿ ಹಾಕಿಕೊಂಡು ಕೂತು, ಮರದಿಂದ ಊರಿಗೆ ಎಷ್ಟೊಂದು ಉಪಕಾರ ಅಂತ ನನಗೇ ಪಾಠ ಹೇಳುತ್ತಾರೆ.