ಮುನಿರತ್ನಮ್ಮ ಸೊಸೆಯ ತಲೆಗೆ ನೀರು ಹಾಕಿದ್ದು

ದೊಡ್ಡಬಳ್ಳಾಪುರದ ಆ ಮಗ್ಗದ ಬೀದಿಯಲ್ಲಿ ಮುನಿರತ್ನಮ್ಮನ ಬಾಯಿಗೆ ಹೆದರದವರು ಯಾರಿದ್ದರು ಹೇಳಿ? ನೂಲು ಸರಿಯಿಲ್ಲವೆಂದರೆ ಸಾಹುಕಾರನನ್ನೇ ಅಂಗಡಿ ಮುಂದೆ ನಿಲ್ಲಿಸಿಕೊಂಡು ಮಂಗಳಾರತಿ ಎತ್ತುತ್ತಿದ್ದ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗ್ಗ ನಡೆಸಿದಳು, ಒಬ್ಬನೇ ಮಗ ರವಿಶಂಕರನನ್ನು ಸಾಕಿದಳು, ತಾನೇ ಹೋಗಿ ಹೆಣ್ಣು ನೋಡಿ ಮೇಘನಳನ್ನು ಸೊಸೆಯಾಗಿ ತಂದಳು. ಅಂಥ ಬಾಯಿ ಆಸ್ಪತ್ರೆಯಲ್ಲಿ ಒಂದು ಸುಳ್ಳು ಹೇಳಿತು.

"ಕಾಲು ಜಾರಿ ತೊಟ್ಟಿಗೆ ಬಿದ್ಬಿಟ್ಲು ಮೇಡಂ."

ಜಾರಿದಳಂತೆ! ಬಣ್ಣದ ನೂಲು ಜಾಲಿಸುವ ಹಿತ್ತಿಲ ತೊಟ್ಟಿಗೆ ಸೊಂಟದೆತ್ತರದ ಕಟ್ಟೆ ಇದೆ, ಅದರೊಳಕ್ಕೆ ಯಾರು ಜಾರುತ್ತಾರೆ? ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ ಅಂದಿದ್ದಳು ಮೇಘನ, ಅಷ್ಟೇ. ಮಗ್ಗಗಳು ಬಡಿದುಕೊಳ್ಳುವಾಗ ಆ ಮನೆಯಲ್ಲಿ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳುವುದಿಲ್ಲ. ಅವತ್ತು ಕರೆಂಟು ಹೋಗಿ ಮಗ್ಗಗಳು ನಿಂತವು. ಹಿತ್ತಿಲಿಂದ ನೀರು ಪಟಪಟ ಬಡಿಯುವ ಸದ್ದು ಕೇಳಿ ಮುನಿರತ್ನಮ್ಮ ಓಡಿಹೋಗಿ ನೋಡಿದರೆ, ಮಗ ಹೆಂಡತಿಯ ಕತ್ತು ಹಿಡಿದು ತೊಟ್ಟಿಯೊಳಕ್ಕೆ ಅದುಮುತ್ತಿದ್ದಾನೆ. ಅವನ ಕೂದಲು ಹಿಡಿದು ಎಳೆದವಳೂ ಅವಳೇ, ಹುಡುಗಿಯನ್ನು ಆಟೋದಲ್ಲಿ ಹಾಕಿಕೊಂಡು ಹೋದವಳೂ ಅವಳೇ. ದಾರಿಯುದ್ದಕ್ಕೂ ರವಿ ಅಳುತ್ತಾ ಬಂದ. "ಸಿಟ್ನಲ್ಲಿ ಆಗೋಯ್ತಮ್ಮ. ಪೊಲೀಸು ಗಿಲೀಸು ಅಂತ ಮಾಡ್ಬೇಡಮ್ಮ." ಹೆತ್ತ ಕರುಳು, ಬಾಯಿಗೆ ಬೀಗ ಹಾಕಿಕೊಂಡಿತು.

ಮೇಘನ ಬದುಕಿಕೊಂಡಳು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಒತ್ತಿ ಒತ್ತಿ ಹೇಳಿದ್ದರು: "ಎದೆಯೊಳಕ್ಕೆ ನೀರು ಹೋಗಿತ್ತು. ವಾರ ಬಿಟ್ಟು ಮತ್ತೆ ತೋರಿಸ್ಬೇಕು. ಕೆಮ್ಮು, ಏದುಸಿರು ಬಂದ್ರೆ ಅವತ್ತೇ ಬನ್ನಿ. ಬೆಚ್ಚಿ ಬೀಳ್ತಾಳಾ, ಅದನ್ನೂ ನೋಡ್ಕೊಳ್ಳಿ."

ವಾರವೂ ಆಯಿತು, ಅದರ ಮೇಲೊಂದು ವಾರವೂ ಆಯಿತು. "ವಾಸಿಯಾದೋಳ್ನ ಆಸ್ಪತ್ರೆಗ್ಯಾಕೆ ಎಳ್ಕೊಂಡ್ ಹೋಗ್ತೀಯ?" ಅಂದ ರವಿ. ಮೇಘನ ಕೆಮ್ಮುತ್ತಲೇ ಇದ್ದಳು. ನೂಲಿನ ಧೂಳು ಕುಡಿದು ಕೆಮ್ಮದವರು ಈ ಬೀದಿಯಲ್ಲಿ ಯಾರಿದ್ದಾರೆ ಎಂದು ಮುನಿರತ್ನಮ್ಮನೂ ಸುಮ್ಮನಾದಳು. ಹುಡುಗಿ ಮಾತು ಬಿಟ್ಟಿದ್ದಳು. ಮುಖಕ್ಕೆ ನೀರು ಎರಚಿಕೊಳ್ಳದೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದಳು. ಕಣ್ಣೆದುರಿಗಿದ್ದದ್ದು ಈ ಮಹಾ ಜಾಣೆಗೆ ಅರ್ಥವಾಗಲಿಲ್ಲ ನೋಡಿ!

ಕಾಯಿಲೆ ಬಿದ್ದು ಎದ್ದವರಿಗೆ ತಲೆಗೆ ನೀರು ಹಾಕದೆ ಮಗ್ಗ ಮುಟ್ಟಗೊಡುವುದಿಲ್ಲ ಆ ಮನೆಯಲ್ಲಿ. ಒಂದು ಶುಕ್ರವಾರ ಬೆಳಿಗ್ಗೆ ಮುನಿರತ್ನಮ್ಮ ಹಂಡೆಗೆ ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿದಳು, ಬೇಡ ಬೇಡವೆಂದರೂ ಸೊಸೆಯನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿದಳು. "ಪೀಡೆಯೆಲ್ಲಾ ಹೋಗ್ಲಿ ಮಗಾ, ಕಣ್ಮುಚ್ಕೋ," ಎಂದು ಎಡಗೈಯಲ್ಲಿ ಅವಳ ಕತ್ತು ಬಗ್ಗಿಸಿ, ಬಲಗೈಯಲ್ಲಿ ಚೊಂಬು ಎತ್ತಿ ಸುರಿದಳು. ಪ್ರೀತಿಯಿಂದಲೇ ಸುರಿದಳು, ಪಾಪ.

ಮೇಘನ ಮಣೆಯಿಂದ ಉರುಳಿಬಿದ್ದಳು. ಗೋಡೆಗೆ ಒತ್ತಿಕೊಂಡು ಬಾಯಿ ಕಳೆದರೂ ಉಸಿರು ಒಳಗೆ ಹೋಗುತ್ತಿರಲಿಲ್ಲ, ತುಟಿ ನೀಲಿಗಟ್ಟಿತು. ಹೇಗೋ ಒಂದು ಉಸಿರು ಸಿಕ್ಕಿದ್ದೇ ತಡ, ಅತ್ತೆಗೆ ಕೈ ಮುಗಿದಳು.

"ಕೆಲ್ಸಕ್ಕೆ ಹೋಗ್ತೀನಿ ಅನ್ನಲ್ಲ. ಇನ್ಯಾವತ್ತೂ ಅನ್ನಲ್ಲ. ಬಿಟ್ಬಿಡಿ, ಬಿಟ್ಬಿಡಿ."

ಚೊಂಬು ಕೈಜಾರಿತು. ನಾನೂ ಇವಳನ್ನು ಮುಳುಗಿಸುತ್ತಿದ್ದೇನೆ ಅಂದುಕೊಂಡಳಲ್ಲಾ! ಮುನಿರತ್ನಮ್ಮನ ಎದೆ ಒಡೆದುಹೋಯಿತು.

ರವಿಯ ಗೊಣಗಾಟ ಕೇಳಿಸಿಕೊಳ್ಳದೆ ಆಟೋ ಹತ್ತಿಸಿದಳು. ಅವನೂ ಹಿಂದೆಯೇ ಹತ್ತಿ ಕುಳಿತ. ಅದೇ ಡಾಕ್ಟರಮ್ಮ ಇದ್ದರು. ಎಕ್ಸ್‌ರೇ ತೆಗೆಸಿ ನೋಡಿ ರೇಗಿದರು. "ಎದೇಲಿ ಸೋಂಕಾಗಿದೆ. ಅವತ್ತೇ ಬನ್ನಿ ಅಂದಿರ್ಲಿಲ್ವಾ? ಇದಕ್ಕೆ ಔಷಧಿ ಇದೆ, ವಾಸಿಯಾಗತ್ತೆ. ಆದ್ರೆ ಈ ಭಯ ಇದ್ಯಲ್ಲ, ಅದಕ್ಕೆ ಬೇರೆ ಡಾಕ್ಟರ್ ಹತ್ರ ಕೂತು ಮಾತಾಡ್ಬೇಕು. ಬಿದ್ದಿದ್ದು ಹೇಗಮ್ಮಾ?"

ಕೇಳಿದ್ದು ಮೇಘನಳನ್ನು. ಉತ್ತರ ಹೇಳಿದವನು ರವಿ: "ಕಾಲು ಜಾರ್ತು ಮೇಡಂ." ಮೇಘನ ತಲೆಯೆತ್ತಲಿಲ್ಲ.

ಡಾಕ್ಟರಮ್ಮ ಚೀಟಿ ಕೊಟ್ಟು ಅವನನ್ನು ಔಷಧಿ ತರಲು ಹೊರಗೆ ಕಳಿಸಿದರು. ಆಮೇಲೆ ಮುನಿರತ್ನಮ್ಮನ ಕಡೆ ತಿರುಗಿದರು. "ಆ ತೊಟ್ಟಿ ಮೇಲೆ ಒಂದು ಹಲಗೆನಾದ್ರೂ ಮುಚ್ಚಿಸಿಮ್ಮ. ಇನ್ನೊಂದ್ಸಲ ಹಿಂಗಾದ್ರೆ ಉಳಿಯಲ್ಲ."

ಹೂಂ ಎಂದು ಎದ್ದುಬಿಡಬಹುದಿತ್ತು. ಹೇಳಿದರೆ ಮಗ ಜೈಲಿಗೆ, ಹೇಳದಿದ್ದರೆ ಈ ಮಗು ಮತ್ತೆ ಅದೇ ಹಿತ್ತಿಲಿಗೆ.

"ತೊಟ್ಟಿಗೆ ಹಲಗೆ ಮುಚ್ತೀನಿ ಮೇಡಂ. ಅವನ ಕೈಗೆ ಏನು ಮುಚ್ಚಲಿ?" ಎಂದಳು. "ಜಾರಿಲ್ಲ ಇವಳು. ನನ್ನ ಮಗನೇ ಮುಳುಗಿಸ್ದ. ಕಣ್ಣಾರೆ ಕಂಡು ಸುಳ್ಳು ಹೇಳ್ಬಿಟ್ಟೆ."

ಡಾಕ್ಟರಮ್ಮ ಮೇಘನಳ ಪಕ್ಕಕ್ಕೆ ಬಂದು ಕುಳಿತರು. "ಹೌದೇನಮ್ಮಾ?"

ಮೇಘನ ಮೊದಲು ಅತ್ತೆಯ ಮುಖ ನೋಡಿದಳು. ಆಮೇಲೆ ಬಿಕ್ಕುತ್ತಾ, ಕೆಮ್ಮುತ್ತಾ ಹೇಳಿದಳು: "ನಾನು ಆ ಮನೆಗೆ ಹೋಗಲ್ಲ."

ಅಷ್ಟರಲ್ಲಿ ರವಿ ಔಷಧಿಯ ಕವರು ಹಿಡಿದು ಬಾಗಿಲು ತಳ್ಳಿದ. "ಆಯ್ತೇನಮ್ಮ? ಆಟೋ ಕಾಯ್ತಿದೆ, ಕರ್ಕೊಂಡ್ ಬಾ ಅವಳ್ನ."

ಮುನಿರತ್ನಮ್ಮ ಎದ್ದು ಸೊಸೆಗೆ ಅಡ್ಡವಾಗಿ ನಿಂತಳು. ಮಗನ ಮುಖ ನೋಡಿದರೆ ಅಳು ಉಕ್ಕಿ ಬರುತ್ತಿತ್ತು.

"ಅವಳು ಬರಲ್ಲ ಕಣೋ. ನೀನ್ ಮಾಡಿದ್ದನ್ನ ಹೇಳ್ಬಿಟ್ಟೆ."

ಅವಳು ಪಕ್ಕಕ್ಕೆ ಸರಿಯಲಿಲ್ಲ.