ಎಡಗಿವಿ

ಮೊದಲೇ ಹೇಳಿಬಿಡ್ತೀನಿ, ತಪ್ಪು ನನ್ನದೇ. ಒಂದು ಲೋಟ ಟೀ ಮುಗಿಯೋದರೊಳಗೆ ಒಬ್ಬ ಮನುಷ್ಯನ ಕೆಲಸ ಕಳೆದೆ, ಅದೂ ಚಪ್ಪಾಳೆ ತಗೊಂಡು.

ಪೀಣ್ಯದ ಕಾರ್ಖಾನೆಗಳಿಗೆ ದೂರದ ಊರುಗಳಿಂದ ದುಡಿಯೋಕೆ ಬಂದವರ ಬಗ್ಗೆ ನನ್ನ ಸಂಶೋಧನೆ. "ಬರೀ ಪ್ರಶ್ನೆ ಹಿಡ್ಕೊಂಡು ಹೋಗ್ಬೇಡ, ಮೈ ತಗೊಂಡು ಹೋಗು. ವಾಸನೆ, ಸದ್ದು, ನಡಿಗೆ ಎಲ್ಲಾ ಬರ್ಕೋ" ಅಂದಿದ್ದರು ಗೈಡ್ ಮೇಡಂ. ಹೇಳುವಾಗ ಅವರ ಕನ್ನಡಕ ಮೂಗಿನ ತುದಿಗೆ ಜಾರುತ್ತೆ. ಅದನ್ನೂ ಕ್ಯಾಂಟೀನಲ್ಲಿ ಮಾಡಿ ತೋರಿಸಿದ್ದೆ. ಮಿಮಿಕ್ರಿ ನನಗೆ ಅಂಟಿದ ರೋಗ. ಮೇಡಂ ಅದಕ್ಕೆ ಲೈಸೆನ್ಸ್ ಕೊಟ್ಟಂಗಾಯ್ತು.

ರಾಜಗೋಪಾಲನಗರದಲ್ಲಿ ಯಾದಗಿರಿ ಕಡೆಯ ಪ್ರೆಸ್ ಆಪರೇಟರ್ ಒಬ್ಬರು ತಮ್ಮ ರೂಮಲ್ಲಿ ನನಗೆ ಚಾಪೆಯಷ್ಟು ಜಾಗ ಕೊಟ್ಟರು. ಅಣ್ಣ ಅಂತಿದ್ದೆ. ವರ್ಷಗಟ್ಟಲೆ ತಗಡು ಗುದ್ದೋ ಯಂತ್ರದ ಪಕ್ಕ ನಿಂತು ಅವರ ಎಡಗಿವಿ ಹೋಗಿತ್ತು. ಕಾರ್ಖಾನೆಯಲ್ಲಿ ಗೊತ್ತಾದರೆ ಮನೆಗೆ ಕಳಿಸ್ತಾರೆ ಅಂತ ನನಗೊಬ್ಬನಿಗೇ ಹೇಳಿದ್ದರು. "ನಾನು ಬರೆಯೋದ್ರಲ್ಲಿ ಯಾರ ಹೆಸರೂ ಬರಲ್ಲ ಅಣ್ಣ" ಅಂತ ಮಾತು ಕೊಟ್ಟಿದ್ದೆ.

ಎಡಗಡೆಯಿಂದ ಯಾರಾದರೂ ಕರೆದರೆ ಅಣ್ಣ ಇಡೀ ಮೈ ತಿರುಗಿಸೋರು. ಗದ್ದ ಸ್ವಲ್ಪ ಮೇಲೆ, ಕಣ್ಣು ಎದುರಿನವರ ತುಟಿ ಮೇಲೆ, ಕೇಳಿಸಿತು ಅನ್ನೋ ಹಾಗೆ ಅರ್ಧ ನಗು. ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದರೆ ಸಾಕಿತ್ತು. ಕಾರ್ಖಾನೆ ಎದುರಿನ ಟೀ ಅಂಗಡೀಲಿ ಹುಡುಗರು "ಮಗಾ, ಏನಾದ್ರೂ ಮಾಡು" ಅಂದರು. ಮೇಡಂ ಮಿಮಿಕ್ರಿ ಆಯ್ತು, ಟೀ ಅಂಗಡಿಯವನದಾಯ್ತು, ಪ್ರಶ್ನೆ ಕೇಳೋಕೆ ತಡವರಿಸೋ ನನ್ನದೂ ಆಯ್ತು. ಕೊನೆಗೆ ಆ ತಿರುಗೋದು, ಆ ಗದ್ದ, ಆ ಅರ್ಧ ನಗು. ಹೆಸರು ಹೇಳಲಿಲ್ಲ; ನಿಯಮ ಅಂದ್ರೆ ನಿಯಮ.

ಎಲ್ಲರಿಗಿಂತ ಜಾಸ್ತಿ ನಕ್ಕವರು ಅಣ್ಣನ ಸೂಪರ್‌ವೈಸರ್. ಲೋಟ ಕೆಳಗಿಟ್ಟು, "ಸಕ್ಕತ್ ಗುರು. ನಮ್ಮ ಪ್ರೆಸ್ಸಿನೋನೇ ಅಲ್ವಾ? ಅವನಿಗೆ ಯಾವ ಕಡೆ ಕೇಳ್ಸಲ್ಲ?" ಅಂದರು.

ನನ್ನ ಕಣ್ಣು ಎಷ್ಟು ಚುರುಕು ಅಂತ ಮೆಚ್ಚಿದರು ಅಂದ್ಕೊಂಡೆ. "ಎಡಗಡೆ ಸಾರ್" ಅಂದೆ.

ಮಾರನೇ ದಿನ ಅಣ್ಣ ಬೆಳಿಗ್ಗೆ ಹತ್ತಕ್ಕೇ ರೂಮಿಗೆ ವಾಪಸ್ ಬಂದರು. ಕೈಯಲ್ಲಿ ಮುಚ್ಚಿದ ಹಾಗೇ ಇದ್ದ ಊಟದ ಡಬ್ಬಿ. ಕಿವಿ ಕೇಳದೋರು ಯಂತ್ರದ ಮುಂದೆ ಬೇಡ ಅಂದರಂತೆ. ನಾನು ಹೋಗಿ ಅವರ ಬಲಗಡೆ ಕೂತೆ, ಅಷ್ಟಾದರೂ ಕಲಿತಿದ್ದೆ. ಕ್ಷಮಿಸಿ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ನಿಮ್ ಹೆಸರು ನಾನು ಹೇಳ್ಲಿಲ್ಲ ಅಣ್ಣ."

ಅವರು ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದು ಮುಗಿಸಿದರು.

"ಹೆಸರು ಹೇಳಿಲ್ಲ ಖರೆ, ತಮ್ಮಾ. ಮೈ ಪೂರಾ ಹೇಳಿಬಿಟ್ಟಿಯಲ್ಲ."