ಹದಿನಾಲ್ಕು ಅನ್ನಬೇಕಿದ್ದ ಹುಡುಗಿ

ಶೈಕ್ಷಣಿಕ ಯೋಜನೆಗೆ ನಾನು ಕೊಟ್ಟ ಮೊದಲ ಕಾಣಿಕೆ ಶಾಲುಗಳು. ವಿಶ್ವವಿದ್ಯಾಲಯವೊಂದು ಮತ್ತು ಸರ್ಕಾರದ ಯೋಜನಾ ಕೇಂದ್ರವೊಂದು ಕೈಜೋಡಿಸಿ ನಮ್ಮ ಕಡೆಯ ಹಳ್ಳಿ ಶಾಲೆಗಳನ್ನು ಉದ್ಧಾರ ಮಾಡುವುದೆಂದು ತೀರ್ಮಾನವಾಗಿತ್ತು. ಒಪ್ಪಂದಕ್ಕೆ ಸಹಿ ಹಾಕುವ ಸಮಾರಂಭ ಬಳ್ಳಾರಿಯಲ್ಲಿ. ಅದರ ಹಿಂದಿನ ದಿನ ನನಗೆ ಫೋನು ಬಂತು. "ಮೇಡಂ, ನಿಮ್ಮ ತವರು ಬಳ್ಳಾರಿಯ ಬ್ರೂಸ್‌ಪೇಟೆ ಅಲ್ಲವೇ? ಬರುವಾಗ ಅಲ್ಲಿನ ಅಂಗಡಿಗಳಲ್ಲಿ ಒಳ್ಳೆಯ ಶಾಲು ನೋಡಿ ತಂದುಬಿಡಿ." ನಾನಾಗ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಕಡೆ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿ. ನಮಗೊಬ್ಬ ಗಣಿತದ ಮೇಷ್ಟ್ರು ಬೇಕು ಎಂದು ಮೇಲಿನವರಿಗೆ ಬರೆದು ಬರೆದು ಕೈಸೋತಿದ್ದೆ. ಅಂತೂ ನಾನೊಬ್ಬಳು ಬದುಕಿದ್ದೇನೆ ಎಂದಾದರೂ ಅವರಿಗೆ ಗೊತ್ತಾಯಿತಲ್ಲ ಎಂದುಕೊಂಡು ಶಾಲು ತಂದೆ.

ಸಮಾರಂಭ ಚೆನ್ನಾಗಿಯೇ ನಡೆಯಿತು. ಶಾಲು, ಹಣ್ಣಿನ ಬುಟ್ಟಿ, ಗೋಡೆ ತುಂಬುವಷ್ಟು ದೊಡ್ಡ ಬ್ಯಾನರು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಈ ಕೆಲಸಕ್ಕೆ ಸಂಯೋಜಕರು. ಯೋಜನಾ ಕೇಂದ್ರದಿಂದ ಬೆಂಗಳೂರಿನ ಒಬ್ಬ ಅಧಿಕಾರಿ. ಹೆಗಲಿಗೆ ಹೆಗಲು ಕೊಟ್ಟು ದುಡಿಯುತ್ತೇವೆ ಎಂದು ಇಬ್ಬರೂ ಭಾಷಣ ಮಾಡಿದರು. ಭಾಷಣಕ್ಕೆ ಮೊದಲು ವೇದಿಕೆಯ ನಡುವಿನ ಕುರ್ಚಿ ಯಾರದು ಎಂದು ಪರದೆಯ ಹಿಂದೆ ಮುನಿಸಿಕೊಂಡಿದ್ದವರೂ ಅವರೇ. ಕೊನೆಗೆ ನಡುವಿನ ಕುರ್ಚಿಯನ್ನೇ ತೆಗೆಸಿದರು. ಅವರಿಬ್ಬರ ನಡುವೆ ನಿಜವಾಗಿ ಆದ ಒಪ್ಪಂದ ಅದೊಂದೇ ಎಂದು ನನಗೆ ಈಗಲೂ ಅನಿಸುತ್ತದೆ.

ಊಟದ ಸಾಲಿನಲ್ಲಿ ಅಧಿಕಾರಿಯನ್ನು ಹಿಡಿದು ನಿಲ್ಲಿಸಿ, ನಮ್ಮ ಗಣಿತದ ಹುದ್ದೆಯ ಗತಿ ಏನು ಎಂದು ಕೇಳಿದೆ. ಅವರು ತಾಳ್ಮೆಯಿಂದಲೇ ವಿವರಿಸಿದರು. ಸದ್ಯಕ್ಕೆ ಆ ಹುದ್ದೆಗೆ ಯಾರನ್ನೂ ಹಾಕುವುದಿಲ್ಲ, ವಿಶ್ವವಿದ್ಯಾಲಯದ ಬಿ.ಎಡ್. ವಿದ್ಯಾರ್ಥಿಗಳು ತಂಡತಂಡವಾಗಿ ಬಂದು ಪಾಠ ಮಾಡುತ್ತಾರೆ. ದಸರಾ ರಜೆ ಮುಗಿದ ಮೇಲೆ ಜಂಟಿ ಮೌಲ್ಯಮಾಪನ. ಮಕ್ಕಳು ಹಿಂದುಳಿದಿದ್ದಾರೆ ಎಂದು ಕಂಡರೆ ಕೂಡಲೇ ಕಾಯಂ ಮೇಷ್ಟ್ರನ್ನು ಕೊಡುತ್ತಾರೆ. ಮಕ್ಕಳು ಚೆನ್ನಾಗಿದ್ದಾರೆ ಎಂದು ಕಂಡರೆ ಹುದ್ದೆ ಬೇರೆ ಶಾಲೆಗೆ ಹೋಗುತ್ತದೆ.

"ಅಂದ್ರ, ಮಕ್ಕಳು ಕಲಿತ್ರ ಮೇಷ್ಟ್ರಿಲ್ಲ. ಕಲೀಲಿಲ್ಲಾಂದ್ರ ಮೇಷ್ಟ್ರು ಬರ್ತಾರ. ಹೌದಲ್ರೀ?" ಎಂದೆ.

"ಮೇಡಂ, ನೀವು ಅದನ್ನು ತುಂಬಾ ಸರಳ ಮಾಡಿ ನೋಡುತ್ತಿದ್ದೀರಿ," ಎಂದು ಅವರು ಹೋಳಿಗೆಯ ಕಡೆಗೆ ಹೋದರು.

ನನಗೆ ಆ ವರ್ಷ ಹತ್ತನೇ ತರಗತಿಯ ಚಿಂತೆ, ಅದರಲ್ಲೂ ಒಂದು ಹುಡುಗಿಯ ಚಿಂತೆ. ಅವಳ ತಾಯಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುವಾಕೆ. ಮಗಳಿಗೆ ನರ್ಸ್ ಆಗಬೇಕೆಂಬ ಹಠ. ತಾಯಿ ನನ್ನ ಎದುರಿಗೇ ತೀರ್ಪು ಕೊಟ್ಟಿದ್ದಳು: "ನೋಡ್ರಿ ಮೇಡಮ್ರಿ, ಹತ್ತನೇತ್ತ ಪಾಸಾದ್ರ ಸಿರುಗುಪ್ಪಕ್ಕ ಕಾಲೇಜಿಗೆ ಹಾಕ್ತೀನಿ. ಫೇಲಾದ್ರ ನನ್ನ ಕೂಡ ಹೊಲಕ್ಕ ಬರ್ತಾಳ. ಎರಡನೇ ಮಾತಿಲ್ಲ." ಹುಡುಗಿ ಉಳಿದ ವಿಷಯಗಳಲ್ಲೆಲ್ಲ ಚುರುಕು. ಗಣಿತವನ್ನು ಮಾತ್ರ ಹೇಳಿಕೊಡುವವರು ಬೇಕಿತ್ತು. ನಾನು ಕನ್ನಡ ಪಾಠ ಮಾಡುವವಳು. ಬೀಜಗಣಿತ ನನಗೂ ಅಷ್ಟಕ್ಕಷ್ಟೇ. ಸಿರುಗುಪ್ಪದಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರನ್ನು ಒಪ್ಪಿಸಿದ್ದೆ. ಸಂಯೋಜಕರು ಅದಕ್ಕೂ ಕಲ್ಲು ಹಾಕಿದರು. ಒಪ್ಪಂದವಿರುವ ಶಾಲೆಯಲ್ಲಿ ಹೊರಗಿನವರು ಪಾಠ ಮಾಡಿದರೆ ಅಧ್ಯಯನದ ಫಲಿತಾಂಶ ಕೆಡುತ್ತದಂತೆ. ಮಕ್ಕಳ ಫಲಿತಾಂಶದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ಮೊದಲ ತಂಡ ಜೂನ್ ಕೊನೆಗೆ ಬಂತು. ಬಸ್ಸಿಳಿದವರ ಕೈಯಲ್ಲಿ ಒಂದು ದೊಡ್ಡ ಥರ್ಮಾಕೋಲ್ ತ್ರಿಭುಜ, ಅದರ ಮೂರು ಬದಿಗೂ ಬಣ್ಣದ ಚೌಕಗಳು. ಲಂಬಕೋನ ತ್ರಿಭುಜದ ಪಾಠ. ಒಬ್ಬ ಹುಡುಗ ಚೆನ್ನಾಗಿಯೇ ಮಾಡಿದ. ಮರುದಿನ ಇನ್ನೊಬ್ಬಳು ಬಂದಳು, ಅದೇ ತ್ರಿಭುಜ ಹಿಡಿದು. ಅದರ ಮರುದಿನವೂ ಅದೇ. ಎರಡನೇ ತಂಡ ಬಂತು. ತ್ರಿಭುಜ ಮೊದಲ ತಂಡದಿಂದ ಇವರ ಕೈಗೆ ದಾಟಿತ್ತು. ಬಸ್ಸಿನಲ್ಲಿ ಬಂದು ಹೋಗಿ ಅದರ ಮೂಲೆ ಮುರಿದು, ಲಂಬಕೋನದಲ್ಲಿ ಲಂಬವೇ ಉಳಿದಿರಲಿಲ್ಲ. ಮಕ್ಕಳು ಮಾತ್ರ ಒಂದೇ ಪಾಠ ಕೇಳುತ್ತಲೇ ಇದ್ದರು.

ನನಗೆ ತಲೆ ಚಿಟ್ಟು ಹಿಡಿದು ಆ ತಂಡದ ಒಬ್ಬಳನ್ನು ಕೂರಿಸಿಕೊಂಡು ಕೇಳಿದೆ. "ಪುಸ್ತಕದಾಗ ಬೇರೆ ಪಾಠ ಇಲ್ಲೇನವ್ವ?"

ಪಾಪ, ಆ ಹುಡುಗಿ ಸುಳ್ಳು ಹೇಳಲಿಲ್ಲ. "ಐತ್ರಿ ಮೇಡಂ. ಆದ್ರ ನಮ್ಮ ಸರ್ ಒಪ್ಪಿರೋ ಪಾಠಯೋಜನಾ ಇದೊಂದೇ. ನಮ್ಮ ಸೀನಿಯರ್‌ಗಳೂ ಇದನ್ನ ಮಾಡ್ಯಾರ. ಬ್ಯಾರೆ ಪಾಠ ಮಾಡಿದ್ರ ಮಾರ್ಕ್ಸ್ ಹೋಗತಾವ್ರಿ."

ಪ್ರಾಧ್ಯಾಪಕರಿಗೆ ಫೋನು ಮಾಡಿದೆ. ಅವರು ಬೆಣ್ಣೆಯಂಥ ದನಿಯಲ್ಲಿ, "ಮೇಡಂ, ನಾವು ಕಲಿಸುತ್ತಿರುವುದು ವಿಷಯವನ್ನಲ್ಲ, ವಿಧಾನವನ್ನು," ಎಂದರು. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ವಿಧಾನದ ಬಗ್ಗೆ ಪ್ರಶ್ನೆ ಬರುವುದಿಲ್ಲ ಎಂದೆ. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನಿಟ್ಟರು.

ಆ ಪಾಠಯೋಜನೆಯಲ್ಲಿ ಇನ್ನೊಂದು ಚಂದವಿತ್ತು. ಒಂದು ಬದಿ ಆರು, ಇನ್ನೊಂದು ಬದಿ ಎಂಟು ಇದ್ದರೆ ಉದ್ದನೆಯ ಬದಿ ಎಷ್ಟು ಎಂದು ಕೇಳಬೇಕು. ಆಗ ಒಂದು ಮಗು ಎದ್ದುನಿಂತು, ಎರಡನ್ನೂ ಕೂಡಿಸಿ ಹದಿನಾಲ್ಕು ಎಂದು ತಪ್ಪಾಗಿ ಹೇಳಬೇಕು. ಆಗ ಪಾಠ ಮಾಡುವವರು ನಕ್ಕು, ತಿದ್ದಿ, ಹತ್ತು ಎಂಬ ಉತ್ತರಕ್ಕೆ ಕರೆದೊಯ್ಯಬೇಕು. ಆ ತಿದ್ದುವ ನಗುವಿಗೂ ಅಂಕವಿತ್ತು. ಆದರೆ ಒಂದೇ ಪಾಠ ಅಷ್ಟು ಸಲ ಕೇಳಿದ ಮೇಲೆ ತಪ್ಪು ಹೇಳುವವರು ಯಾರು? ಮಕ್ಕಳೆಲ್ಲ ಒಂದೇ ದನಿಯಲ್ಲಿ "ಹತ್ತು" ಎಂದು ಕೂಗಿಬಿಡುತ್ತಿದ್ದರು. ಹೇಳಿಕೊಟ್ಟು ನಿಲ್ಲಿಸಿದರೆ ಕಿಸಕ್ಕೆಂದು ನಗುತ್ತಿದ್ದರು. ಮುಖ ಗಂಭೀರವಾಗಿಟ್ಟುಕೊಂಡು, ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದಂತೆ ಮಾಡಿ "ಹದಿನಾಲ್ಕು" ಎನ್ನಲು ಬರುತ್ತಿದ್ದದ್ದು ಒಬ್ಬಳಿಗೇ. ಆ ನರ್ಸ್ ಆಗಬೇಕೆನ್ನುವ ಹುಡುಗಿಗೆ. ಹೀಗೆ ಇಡೀ ತರಗತಿಯಲ್ಲಿ ಚುರುಕಾದವಳು ದಡ್ಡಿಯ ಕೆಲಸಕ್ಕೆ ನೇಮಕವಾದಳು. ತಂಡಗಳ ವರದಿಯಲ್ಲೂ ಅವಳನ್ನು "ಕಲಿಕೆಯಲ್ಲಿ ಅತಿ ಹಿಂದುಳಿದ ವಿದ್ಯಾರ್ಥಿನಿ" ಎಂದೇ ಬರೆದರು. ಹಾಗೆ ಬರೆದವರು ಅವಳಿಗೆ ತಪ್ಪು ಉತ್ತರ ಹೇಳಿಕೊಟ್ಟವರೇ.

ಊರಿನಲ್ಲಿ ಅವಳಿಗೆ ಹದಿನಾಲ್ಕು ಎಂದೇ ಹೆಸರು ಬಿತ್ತು. ಒಂದು ಬೆಳಿಗ್ಗೆ ತಾಯಿ ಕೂಲಿ ಬಿಟ್ಟು ಶಾಲೆಗೆ ಬಂದಳು.

"ನನ್ನ ಮಗಳು ಅಷ್ಟು ದಡ್ಡಿ ಏನ್ರಿ ಮೇಡಮ್ರಿ? ಬಾವಿ ಕಟ್ಟಿ ಮ್ಯಾಲ ಎಲ್ಲಾರೂ ನಗತಾರ. ದಿನಾ ಹೇಳಿದ್ದನ್ನ ದಿನಾ ತಪ್ಪು ಹೇಳ್ತಾಳಂತ. ಸಾಕ್ರಿ ಸಾಲಿ, ನಾ ಕರ್ಕೊಂಡು ಹೋಗ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಮಗಳು ಬಾಗಿಲಲ್ಲಿ ನಿಂತು ಹೇಳಿದಳು: "ಅವ್ವಾ, ನನಗ ಬರತೈತಿ. ಬರತೈತಿ ಅಂತ ಹೇಳಬಾರದು, ಅಷ್ಟ."

ತಾಯಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗುವಂಥದ್ದೂ ಅಲ್ಲ. ಬೇಡಿಕೊಂಡು, ಗದರಿಸಿ, ಮೌಲ್ಯಮಾಪನದವರೆಗೆ ತಡಿ ಎಂದು ಆಕೆಯನ್ನು ಒಪ್ಪಿಸಿದೆ.

ಮೌಲ್ಯಮಾಪನ ಕುರುಗೋಡಿನಲ್ಲಿ. ಸಿರುಗುಪ್ಪ, ಬಳ್ಳಾರಿ ಎರಡೂ ತಾಲ್ಲೂಕಿಗೆ ನಡುವಿನ ಊರು ಎಂದು ಬಳ್ಳಾರಿಯಲ್ಲಿ ಕೂತು ತೀರ್ಮಾನಿಸಿದ್ದರಂತೆ. ಬಳ್ಳಾರಿಯಿಂದ ಕಾರಿನಲ್ಲಿ ಬರುವವರಿಗೆ ಹತ್ತಿರ, ನಡುವಿನ ಊರು ಎಂದರೆ ಅಷ್ಟೇ ಅರ್ಥ. ನಮ್ಮ ಮಕ್ಕಳು ಸಿರುಗುಪ್ಪದವರೆಗೆ ಟ್ರ್ಯಾಕ್ಟರಿನಲ್ಲಿ, ಅಲ್ಲಿಂದ ನಿಂತುಕೊಂಡು ಬಸ್ಸಿನಲ್ಲಿ ಬಂದರು. ಕುರ್ಚಿ ತುಂಬಬೇಕೆಂದು ಪೋಷಕರನ್ನೂ ಕರೆಸಿದ್ದರು. ಹುಡುಗಿಯ ತಾಯಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

ಜಾಗ ಒಂದು ಕಲ್ಯಾಣ ಮಂಟಪ. ವೇದಿಕೆಯ ಮೇಲೆ ವಧೂವರರು ಕೂರುವ ಎರಡು ಕೆಂಪು ಸಿಂಹಾಸನಗಳಿದ್ದವು. ಪ್ರಾಧ್ಯಾಪಕರೂ ಅಧಿಕಾರಿಯೂ ಅವುಗಳಲ್ಲೇ ಕೂತರು. ಅಕ್ಷತೆಯೊಂದು ಬಾಕಿ. ಕಾರ್ಯಕ್ರಮ ಏನೆಂದು ಮೊದಲೇ ತಿಳಿಸಿದ್ದರು: ವರದಿಯಲ್ಲಿ ಅತಿ ಹಿಂದುಳಿದವರು ಎಂದು ಬರೆದಿರುವ ಮಗುವನ್ನು ಅಧಿಕಾರಿ ಖುದ್ದಾಗಿ ಪ್ರಶ್ನಿಸುತ್ತಾರೆ. ಆ ಮಗು ತಪ್ಪಿದರೆ ಶಾಲೆಗೆ ಮೇಷ್ಟ್ರು. ಸರಿ ಹೇಳಿದರೆ ಹುದ್ದೆ ಹೋಯಿತು.

ಬಸ್ಸಿನುದ್ದಕ್ಕೂ ನಾನು ಅದನ್ನೇ ಯೋಚಿಸಿದ್ದೆ. ಇಷ್ಟು ತಿಂಗಳು ಅವರಿಗಾಗಿ ಹೇಳಿದ ಹದಿನಾಲ್ಕನ್ನು ಇನ್ನೊಂದೇ ಸಲ ನಮಗಾಗಿ ಹೇಳಿದರೆ ಸಾಕು. ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು. ಮೇಷ್ಟ್ರು ಬಂದರೆ ಇಡೀ ತರಗತಿ ದಡ ಸೇರುತ್ತಿತ್ತು, ಅವಳೂ. ಹೇಳಬೇಕೆಂದೇ ಅವಳನ್ನು ಪಕ್ಕಕ್ಕೆ ಕರೆದೆ. ಅವಳೇ ಮೊದಲು ಬಾಯಿಬಿಟ್ಟಳು.

"ಮೇಡಮ್ರಿ, ಇವತ್ತ ಅವ್ವ ಬಂದಾಳ. ಇವತ್ತೊಂದಿನ ಖರೇ ಉತ್ತರ ಹೇಳಲೇನ್ರಿ?"

ಆ ಮುಖ ನೋಡಿಕೊಂಡು ಬೇಡ ಎನ್ನಲು ನನಗೆ ಆಗಲಿಲ್ಲ. ಒಂದು ಮಗು ತನಗೆ ಗೊತ್ತಿರುವುದನ್ನು ಹೇಳಲು ಅಪ್ಪಣೆ ಕೇಳುವ ಹಾಗೆ ಮಾಡಿಟ್ಟಿದ್ದರಲ್ಲ, ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

"ಹೇಳವ್ವ," ಎಂದೆ. "ಜೋರಾಗಿ ಹೇಳು."

ಅಧಿಕಾರಿ ಕೇಳಿದರು: ಆರು, ಎಂಟು, ಉದ್ದನೆಯ ಬದಿ ಎಷ್ಟು? ತಿದ್ದಲು ಸಿದ್ಧವಾಗಿ ನಿಂತಿದ್ದ ಬಿ.ಎಡ್. ಹುಡುಗನ ಮುಖದಲ್ಲಿ ಆಗಲೇ ನಗು ಬಂದಿತ್ತು. ಅವಳು ಗಲ್ಲಕ್ಕೆ ಬೆರಳಿಡಲಿಲ್ಲ. "ಹತ್ತು," ಎಂದಳು. ಯಾಕೆ ಹತ್ತು ಎಂದು ತಾನೇ ಬಿಡಿಸಿ ಹೇಳಿದಳು. ತಾಯಿ ಎದ್ದುನಿಂತು ಸುತ್ತಲಿನವರ ಮುಖ ನೋಡಿದಳು. ಬಾವಿ ಕಟ್ಟೆಯ ಮೇಲೆ ನಕ್ಕವರೂ ಅಲ್ಲಿದ್ದರು.

ವೇದಿಕೆಯ ಮೇಲೆ ಮದುವೆಯ ಸಂಭ್ರಮ. ಅಧಿಕಾರಿ ಪ್ರಾಧ್ಯಾಪಕರ ಕೈ ಕುಲುಕಿದರು, ಪ್ರಾಧ್ಯಾಪಕರು ಅಧಿಕಾರಿಗೆ ಶಾಲು ಹೊದಿಸಿದರು. ಅದು ನಾನು ತಂದಿದ್ದ ಶಾಲುಗಳಲ್ಲೇ ಒಂದು. "ಅತಿ ಹಿಂದುಳಿದ ವಿದ್ಯಾರ್ಥಿನಿಯೂ ಈ ಮಟ್ಟಕ್ಕೆ ಬಂದಿರುವುದು ನಮ್ಮ ಸಹಕಾರದ ಫಲ," ಎಂದು ಮೈಕಿನಲ್ಲಿ ಘೋಷಣೆಯಾಯಿತು.

ನನ್ನಿಂದ ತಡೆಯಲಾಗಲಿಲ್ಲ. ಕೂತಲ್ಲಿಂದ ಎದ್ದು ಕೂಗಿಯೇ ಹೇಳಿದೆ: "ಸರ್, ಆಕಿಗೆ ಮುಂದಿನ ಪಾಠದಾಗ ಒಂದು ಕೇಳ್ರಿ. ಯಾವುದಾದ್ರೂ ಸರಿ. ಒಂದ ಒಂದು ಕೇಳ್ರಿ."

ಅಧಿಕಾರಿ ಪ್ರಾಧ್ಯಾಪಕರ ಕಡೆ ನೋಡಿದರು. ಪ್ರಾಧ್ಯಾಪಕರು ಗಡಿಯಾರದ ಕಡೆ ನೋಡಿದರು.

"ಮೇಡಂ, ಊಟಕ್ಕೆ ಹೊತ್ತಾಯಿತು," ಎಂದರು.

ಹುದ್ದೆ ಬಳ್ಳಾರಿಯ ಶಾಲೆಯೊಂದಕ್ಕೆ ಹೋಯಿತು. ಸಿರುಗುಪ್ಪದ ಆ ಮೇಷ್ಟ್ರನ್ನು ಮತ್ತೆ ಕೇಳೋಣವೆಂದರೆ ಅವರು ಅಷ್ಟರಲ್ಲಿ ಮಗಳ ಊರಿಗೆ ಹೋಗಿದ್ದರು. ಪರೀಕ್ಷೆ ಬಂತು, ಫಲಿತಾಂಶ ಬಂತು. ಹುಡುಗಿ ಉಳಿದದ್ದರಲ್ಲೆಲ್ಲ ಒಳ್ಳೆಯ ಅಂಕ ತೆಗೆದು ಗಣಿತದಲ್ಲಿ ಫೇಲಾದಳು. ತ್ರಿಭುಜದ ಪ್ರಶ್ನೆ ಒಂದಿತ್ತಂತೆ. ಅದನ್ನು ನಮ್ಮ ತರಗತಿಯ ಎಲ್ಲರೂ ಬರೆದಿದ್ದರು. ಜಂಟಿ ಯೋಜನೆಯ ಪುಸ್ತಕ ಮಾತ್ರ ನುಣುಪಾದ ಹಾಳೆಯಲ್ಲಿ ಅಚ್ಚಾಗಿ ಬಂತು. ಅದರ ಮುಖಪುಟದ ಮೇಲೆ ಕುರುಗೋಡಿನಲ್ಲಿ ಕೈಯೆತ್ತಿ ನಿಂತ ಆ ಹುಡುಗಿಯ ಫೋಟೋ ಇದೆ. ನನ್ನ ಪ್ರತಿಯನ್ನು ಬೀರುವಿನ ಒಂದು ಕಾಲಿಗೆ ಒತ್ತುಕೊಟ್ಟಿದ್ದೇನೆ.

ತಾಯಿ ಹೇಳಿದಂತೆಯೇ ಮಾಡಿದಳು. ಕಾಲುವೆಗೆ ನೀರು ಬಿಟ್ಟಿದ್ದರು. ಹುಡುಗಿ ನಾಟಿಗೆ ಹೋಗತೊಡಗಿದಳು. ಆದರೂ ಮತ್ತೆ ಪರೀಕ್ಷೆ ಕಟ್ಟಿದ್ದಳು. ಕೆಲಸವಿಲ್ಲದ ದಿನ ಬಂದು ಹತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತುಕೊಳ್ಳುತ್ತಿದ್ದಳು. ನಾನು ಬೇಡವೆನ್ನಲಿಲ್ಲ.

ಹಾಗೆ ಅವಳು ಬಂದು ಕೂತ ಒಂದು ದಿನವೇ ಆ ವರ್ಷದ ಹೊಸ ತಂಡ ಬಸ್ಸಿಳಿಯಿತು. ತ್ರಿಭುಜಕ್ಕೆ ಹೊಸ ಥರ್ಮಾಕೋಲ್ ಹಾಕಿಸಿದ್ದರು. ಮೊದಲ ಪಾಠದವನು ಒಳಗೆ ಹೋದ. ನಾನು ಬಾಗಿಲಲ್ಲಿ ನಿಂತೆ. ಅವನು ತರಗತಿಯನ್ನೆಲ್ಲ ಕಣ್ಣಾಡಿಸಿ ನೋಡಿ, ಪುಸ್ತಕದ ಮುಖಪುಟದಲ್ಲಿ ನೋಡಿದ ಮುಖದ ಗುರುತು ಹಿಡಿದು, ಖುಷಿಯಿಂದ ಕೊನೆಯ ಬೆಂಚಿನ ಹತ್ತಿರ ಹೋದ.

"ನೀನೇ ಅಲ್ಲೇನವ್ವ ಅದು? ಭಾಳ ಚಲೋ ಆತು. ನಾ ಆರು, ಎಂಟು ಅಂತ ಕೇಳತೀನಿ. ನೀನು..."

ಅವಳು ಎದ್ದುನಿಂತಳು. ಕಾಲಿನ ಮೇಲಿನ ಗದ್ದೆಯ ಕೆಸರು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಹತ್ತು ರೀ," ಎಂದಳು. "ಮುಂದಿಂದು ಹೇಳ್ರಿ."

ಅವನು ಕೈಯಲ್ಲಿದ್ದ ಪಾಠಯೋಜನೆಯನ್ನು ತಿರುಗಿಸಿ ನೋಡಿದ. ಹಾಳೆಯ ಹಿಂದೆ ಏನೂ ಇರಲಿಲ್ಲ. ಅವಳು ಕೂರದೆ ನಿಂತೇ ಇದ್ದಳು.